ಯಾವ ಲೈನು?

(ಮುಂಡಾಜೆಯ ಕಲಿಕಾ ಕೇಂದ್ರದಲ್ಲಿ ಹೊಸ ಓದುಗರ ಮುಂದೆ ಆಡಿದ ಮಾತು)



ಬೆಳಗ್ಗಿನಿಂದ ದುಡಿದು ದಣಿದು ಬಂದಿದ್ದೀರಿ. ಕೆಲವರು ಬೀಡಿ ಕಟ್ಟಿ ಬಂದಿದ್ದೀರಿ. ಕೆಲವರು ತೋಟದಲ್ಲಿ ಅಡಿಕೆ ಹೆಕ್ಕಿ ಬಂದಿದ್ದೀರಿ. ಆದ್ದರಿಂದ ದೊಡ್ಡ ಭಾಷಣ ಬೇಡ. ಇವತ್ತು ಒಂದೇ ಒಂದು ಶಬ್ದದ ಬಗ್ಗೆ ಮಾತಾಡೋಣ.

ಆ ಶಬ್ದ ಇಂಗ್ಲಿಷಿನದ್ದು. ಆದರೆ ನಿಮಗೆ ಯಾರಿಗೂ ಹೊಸತಲ್ಲ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಗೂ ಅದು ಗೊತ್ತು. ಅಂಗನವಾಡಿಯ ಮಗುವಿಗೂ ಗೊತ್ತು. ನಮ್ಮ ಮುಂಡಾಜೆಯಲ್ಲಿ ಮನೆಮಾತುಗಳು ಎಷ್ಟೋ. ತುಳು ಉಂಟು, ಕನ್ನಡ ಉಂಟು. ಕೊಂಕಣಿ, ಮಲಯಾಳ, ಬ್ಯಾರಿ ಉಂಟು. ಚಿತ್ಪಾವನರ ಮರಾಠಿಯೂ ಉಂಟು. ಈ ಎಲ್ಲ ಮಾತುಗಳ ಒಳಗೂ ಆ ಶಬ್ದ ಹೊಕ್ಕಿದೆ.

ಅದೇ ‘ಲೈನ್’. ಬಾಯಿಗೆ ಸುಲಭವಾಗಲಿ ಅಂತ ನಾವು ‘ಲೈನು’ ಅನ್ನುತ್ತೇವೆ. ಬರೆಯುವುದೂ ಸುಲಭ. ‘ಲ’ ಅಕ್ಷರಕ್ಕೆ ಐತ್ವ ಕೊಟ್ಟರೆ ‘ಲೈ’. ‘ನ’ ಅಕ್ಷರಕ್ಕೆ ಕೊಂಬು ಕೊಟ್ಟರೆ ‘ನು’. ಎರಡೇ ಅಕ್ಷರ. ಆದರೆ ಈ ಎರಡು ಅಕ್ಷರದ ಒಳಗೆ ಎಷ್ಟು ಅರ್ಥ ಉಂಟು ಗೊತ್ತುಂಟಾ? ನಮ್ಮ ಊರಿನ ಒಂದು ದಿನದ ಮಾತು ಕೇಳಿ.

‘ರೇಷನ್ ಅಂಗಡಿಯಲ್ಲಿ ದೊಡ್ಡ ಲೈನುಂಟು ಮಾರಾಯ್ತಿ.’

‘ನಿನ್ನೆ ರಾತ್ರಿ ಲೈನು ಹೋದದ್ದು ಇನ್ನೂ ಬರಲಿಲ್ಲ.’

‘ದೊಡ್ಡ ಮಗ ಮುಂಬಯಿಯಲ್ಲಿ ಹೋಟೆಲ್ ಲೈನಿನಲ್ಲಿದ್ದಾನೆ.’

‘ಭಾವ ಲೈನ್ ಸೇಲಿಗೆ ಹೋಗಿದ್ದಾರೆ. ಬರುವಾಗ ರಾತ್ರಿ ಆಗ್ತದೆ.’

‘ಆ ಹುಡುಗ ಅವಳಿಗೆ ಲೈನ್ ಹೊಡೀತಾನಂತೆ.’

‘ಅರ್ಜಿ ಆನ್‌ಲೈನ್ ಮಾಡಿಸಬೇಕಂತೆ.’

ಮಾತು ಆರು. ಲೈನೂ ಆರು. ಒಂದರ ಹಾಗೆ ಇನ್ನೊಂದಿಲ್ಲ. ಮೊದಲನೆಯದು ಜನರ ಸಾಲು. ಎರಡನೆಯದು ಕರೆಂಟು. ಮೂರನೆಯದು ಕಸುಬು. ನಾಲ್ಕನೆಯದು ವ್ಯಾಪಾರ. ಐದನೆಯದು ತುಂಟತನ. ಆರನೆಯದು ಕಂಪ್ಯೂಟರಿನ ಕೆಲಸ. ಕೇಳಿದ ಕೂಡಲೇ ನಮಗೆ ಅರ್ಥ ಆಗ್ತದೆ. ಯಾಕೆ? ಪಕ್ಕದಲ್ಲಿರುವ ಮಾತು ನಮಗೆ ಅರ್ಥ ಹೇಳಿಕೊಡ್ತದೆ. ಹೋಟೆಲ್ ಅಂದರೆ ಕಸುಬು. ರೇಷನ್ ಅಂಗಡಿ ಅಂದರೆ ಸಾಲು.

ಆದರೆ ಪಕ್ಕದ ಮಾತು ಇಲ್ಲದಿದ್ದರೆ? ಬರೀ ‘ಲೈನು’ ಅಂತ ಹೇಳಿ ಬಿಟ್ಟರೆ? ಆಗ ಒಬ್ಬರು ಹೇಳಿದ್ದು ಒಂದು, ಇನ್ನೊಬ್ಬರಿಗೆ ತಿಳಿದದ್ದು ಒಂದು ಆಗಬಹುದು. ಕೆಲವು ಸಲ ಅದರಿಂದ ನಗು ಬರ್ತದೆ. ಕೆಲವು ಸಲ ಹಣ ಹೋಗ್ತದೆ. ಕೆಲವು ಸಲ ಜೀವವೇ ಹೋಗ್ತದೆ. ಇವತ್ತಿನ ಮಾತು ಅದರ ಬಗ್ಗೆ.

ನೂಲಿನಿಂದ ಬಂದ ಶಬ್ದ

ಈ ಶಬ್ದದ ಮೂಲ ಹುಡುಕಿದರೆ ಅದು ಒಂದು ಗಿಡಕ್ಕೆ ಹೋಗಿ ಮುಟ್ಟುತ್ತದೆ. ಅಗಸೆ ಗಿಡದ ನಾರಿನಿಂದ ನೂಲು ತೆಗೆಯುತ್ತಾರೆ. ಹಳೆಯ ಲ್ಯಾಟಿನ್ ಭಾಷೆಯಲ್ಲಿ ಅಗಸೆಗೆ ‘ಲೀನಮ್’ ಎಂದು ಹೆಸರು. ಆ ನಾರಿನ ದಾರಕ್ಕೆ ‘ಲೀನಿಯ’ ಎಂದು ಹೆಸರು. ಅದರಿಂದಲೇ ‘ಲೈನ್’ ಬಂತು.

ಮನೆ ಕಟ್ಟುವ ಮೇಸ್ತ್ರಿಯನ್ನು ನೋಡಿದ್ದೀರಲ್ಲ. ಕಲ್ಲು ಇಡುವ ಮೊದಲು ಅವರು ನೂಲು ಕಟ್ಟುತ್ತಾರೆ. ಆ ನೂಲಿನ ಉದ್ದಕ್ಕೆ ಕಲ್ಲು ಇಡುತ್ತಾರೆ. ಮೊದಲು ನೂಲು. ನೂಲು ಹಿಡಿದರೆ ಗೆರೆ. ಗೆರೆಯ ಮೇಲೆ ಕಲ್ಲು ಇಟ್ಟರೆ ಸಾಲು. ಲೈನ್ ಎಂಬ ಶಬ್ದವೂ ಹೀಗೆಯೇ ಬೆಳೆಯಿತು. ನೂಲು, ಗೆರೆ, ಸಾಲು, ತಂತಿ, ದಾರಿ, ಎಲ್ಲವೂ ಅದರ ಒಳಗೆ ಸೇರಿತು.

ನಮ್ಮ ದೇಶದಲ್ಲಿ ಪ್ರಯಾಣಿಕರ ರೈಲು 1853ರಲ್ಲಿ ಮುಂಬಯಿಯಿಂದ ಥಾಣೆಗೆ ಮೊದಲು ಓಡಿತು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ರೈಲಿನ ಜೊತೆ ‘ರೈಲ್ವೆ ಲೈನ್’ ಬಂತು. ಟೆಲಿಗ್ರಾಫ್ ತಂತಿ ಬಂತು. ಮತ್ತೆ ಟೆಲಿಫೋನ್ ಬಂತು, ಕರೆಂಟು ಬಂತು. ಒಂದೊಂದು ಹೊಸ ವಸ್ತು ಬಂದಾಗಲೂ ಅದರ ಬಾಲ ಹಿಡಿದು ಒಂದು ಹೊಸ ಲೈನೂ ಬಂತು.

ದುಡಿಯುವವರ ಲೈನು

‘ನಿಮ್ಮದು ಯಾವ ಲೈನು?’ ಅಂತ ಬಸ್ಸಿನಲ್ಲಿ ಪಕ್ಕದವರು ಕೇಳುತ್ತಾರೆ. ಕಸುಬು ಏನು ಅಂತ ಅದರ ಅರ್ಥ. ಡ್ರೈವಿಂಗ್ ಲೈನು, ಗಾರೆ ಲೈನು, ಹೋಟೆಲ್ ಲೈನು ಅನ್ನುತ್ತೇವೆ. ನಮ್ಮ ಕರಾವಳಿಯಿಂದ ಎಷ್ಟೋ ಮಂದಿ ಮುಂಬಯಿಗೆ ಹೋದರು. ತಟ್ಟೆ ತೊಳೆದರು, ಚಹಾ ಕೊಟ್ಟರು. ಕೆಲವರು ರಾತ್ರಿ ಶಾಲೆಗೆ ಹೋಗಿ ಕಲಿತರು. ಅದೇ ಹೋಟೆಲ್ ಲೈನು.

‘ಲೈನ್ ಸೇಲ್’ ಬೇರೆ. ಬಿಸ್ಕತ್ತು, ಸಾಬೂನು, ಉಪ್ಪಿನಕಾಯಿ ತುಂಬಿಕೊಂಡು ಒಂದು ಗಾಡಿ ಹೊರಡುತ್ತದೆ. ಉಜಿರೆ ಬಿಟ್ಟು ಸೋಮಂತಡ್ಕ, ಕಕ್ಕಿಂಜೆ, ಚಾರ್ಮಾಡಿ ಅಂತ ಅಂಗಡಿ ಅಂಗಡಿಗೆ ಸಾಮಾನು ಇಳಿಸುತ್ತದೆ. ಆ ದಾರಿಯೇ ಅವರ ಲೈನು. ಇವತ್ತು ಚಾರ್ಮಾಡಿ ಲೈನು, ನಾಳೆ ಗುರುವಾಯನಕೆರೆ ಲೈನು ಅನ್ನುತ್ತಾರೆ.

ಇನ್ನೊಂದು ಲೈನು ಚಾರ್ಮಾಡಿ ಘಾಟಿಯ ಮೇಲೆ ಉಂಟು. ಅದು ‘ಲೈನ್ ಮನೆ’. ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಘಟ್ಟ ಹತ್ತಿ ಕಾಫಿ ತೋಟಕ್ಕೆ ಕೆಲಸಕ್ಕೆ ಹೋದವರು. ಅಲ್ಲಿ ಒಂದೇ ಮಾಡಿನ ಕೆಳಗೆ ಉದ್ದಕ್ಕೆ ಕೋಣೆಗಳು. ಒಂದು ಕೋಣೆಗೆ ಒಂದು ಸಂಸಾರ. ಗೋಡೆಯ ಆಚೆ ಮಗು ಅತ್ತರೆ ಈಚೆ ನಿದ್ದೆ ಇಲ್ಲ. ತೋಟದ ಮಾಲಕರು ಕೆಲಸದವರಿಗೆ ವಾಸಕ್ಕೆ ಮನೆ ಕೊಡಬೇಕು ಅಂತ 1951ರ ತೋಟ ಕಾರ್ಮಿಕರ ಕಾಯ್ದೆ ಹೇಳಿತು. ‘ಲೈನಿನಲ್ಲಿ ಹುಟ್ಟಿದವ’ ಅಂತ ಮೊದಲು ಕೆಲವರು ಹಗುರವಾಗಿ ಹೇಳುತ್ತಿದ್ದರು. ಹಾಗೆ ಹೇಳಬಾರದು. ಆ ಲೈನಿನವರು ದುಡಿದದ್ದರಿಂದಲೇ ಪೇಟೆಯ ಹೋಟೆಲಿನಲ್ಲಿ ಕಾಫಿ ಸಿಕ್ಕಿತು.

ಹುಡುಗರ ಲೈನು

ಈಗ ನಗುವ ಲೈನಿಗೆ ಬರೋಣ. ‘ಲೈನ್ ಹೊಡೆಯುವುದು’, ‘ಲೈನ್ ಹಾಕುವುದು’. ಯಾರೂ ನಾಚಿಕೊಳ್ಳಬೇಡಿ. ಎಲ್ಲರಿಗೂ ಗೊತ್ತಿರುವ ಮಾತೇ.

ಒಂದನೇ ಕ್ಲಾಸಿನ ಹುಡುಗನ ಹತ್ತಿರ ಅಜ್ಜಿ ಕೇಳುತ್ತಾಳೆ: ‘ಎಂತ ಮಾಡ್ತಿದ್ದೀ ಮಗಾ?’ ಅವನು ‘ಲೈನ್ ಹೊಡೀತಾ ಇದ್ದೇನೆ ಅಜ್ಜಿ’ ಅಂತಾನೆ. ಅಜ್ಜಿ ಹೌಹಾರಬೇಕಾಗಿಲ್ಲ. ಅವನ ಕೈಯಲ್ಲಿ ಪೆನ್ಸಿಲು, ಅಡಿಪಟ್ಟಿ ಉಂಟು. ಪುಸ್ತಕಕ್ಕೆ ಗೆರೆ ಎಳೆಯುತ್ತಿದ್ದಾನೆ. ಹತ್ತು ವರ್ಷ ಕಳೆದ ಮೇಲೆ ಅದೇ ಮಾತು ಹೇಳಿದರೆ ಮಾತ್ರ ಅಜ್ಜಿ ಸ್ವಲ್ಪ ವಿಚಾರಿಸಬೇಕು!

‘ಮೊದಲು ಭಾರೀ ತಿರುಗ್ತಿದ್ದ, ಮದುವೆ ಆದ ಮೇಲೆ ಲೈನಿಗೆ ಬಂದ’ ಅಂತಲೂ ಹೇಳುತ್ತೇವೆ. ಅಲ್ಲಿ ಲೈನು ಅಂದರೆ ಸರಿದಾರಿ.

ಆದರೆ ತಮಾಷೆಗೂ ಒಂದು ಗಡಿ ಉಂಟು. ಹುಡುಗಿ ಬೇಡ ಅಂದ ಮೇಲೂ ಅವಳ ಹಿಂದೆ ಹಿಂದೆ ಹೋಗುವುದು, ಬಸ್ ಸ್ಟಾಪಿನಲ್ಲಿ ಕಾಯುವುದು, ಫೋನು ಮಾಡಿ ಪೀಡಿಸುವುದು, ಇದು ಲೈನ್ ಹೊಡೆಯುವುದಲ್ಲ. ಇದು ಅಪರಾಧ. 2013ರಲ್ಲಿ ಇದಕ್ಕೆ ಕಾನೂನಿನಲ್ಲಿ ಸ್ಪಷ್ಟವಾಗಿ ಶಿಕ್ಷೆ ಬರೆದರು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದು 78ನೆಯ ಕಲಮು. ‘ಅದೆಲ್ಲ ಲೈನ್ ಹೊಡೆಯುವುದು, ಹುಡುಗು ಬುದ್ಧಿ’ ಅಂತ ಯಾರಾದರೂ ಹೇಳಿದರೆ, ಹಗುರ ಶಬ್ದದಲ್ಲಿ ಭಾರದ ವಿಷಯ ಮುಚ್ಚುತ್ತಿದ್ದಾರೆ ಅಂತ ತಿಳಿಯಿರಿ.

ಕಣ್ಣಿಗೆ ಕಾಣದ ಲೈನು

ನಿಮ್ಮ ಬಾಯಲ್ಲಿ ದಿನಾ ಬರುವ ಒಂದು ಮಾತು ಉಂಟು. ‘ಬಿಪಿಎಲ್ ಕಾರ್ಡು’. ಅದರಲ್ಲಿಯೂ ಒಂದು ಲೈನು ಅಡಗಿದೆ. ಬಿ ಅಂದರೆ ಬಿಲೋ, ಅಂದರೆ ಕೆಳಗೆ. ಪಿ ಅಂದರೆ ಪಾವರ್ಟಿ, ಅಂದರೆ ಬಡತನ. ಎಲ್ ಅಂದರೆ ಲೈನ್, ಅಂದರೆ ಗೆರೆ. ಬಡತನದ ಗೆರೆಯ ಕೆಳಗೆ ಇರುವವರು ಅಂತ ಅರ್ಥ. ಪತ್ರಿಕೆಯಲ್ಲಿ ಇದನ್ನು ‘ಬಡತನ ರೇಖೆ’ ಎಂದು ಬರೆಯುತ್ತಾರೆ.

ಈ ಗೆರೆ ಎಲ್ಲಿ ಉಂಟು? ನೆಲದ ಮೇಲೆ ಇಲ್ಲ. ಗೋಡೆಯ ಮೇಲೆ ಇಲ್ಲ. ಅದನ್ನು ಲೆಕ್ಕ ಬಲ್ಲವರು ಕಾಗದದ ಮೇಲೆ ಎಳೆಯುತ್ತಾರೆ. 2011–12ರ ಸಾಲಿಗೆ ಸುರೇಶ್ ತೆಂಡುಲ್ಕರ್ ಸಮಿತಿಯ ಲೆಕ್ಕದ ಪ್ರಕಾರ ಹಳ್ಳಿಯಲ್ಲಿ ಒಬ್ಬರಿಗೆ ತಿಂಗಳಿಗೆ 816 ರೂಪಾಯಿ ಖರ್ಚು ಎಂಬುದು ದೇಶದ ಗೆರೆ. ದಿನಕ್ಕೆ 27 ರೂಪಾಯಿ. ಇದು ತೀರಾ ಕಡಿಮೆ ಆಯಿತು ಅಂತ ದೇಶದಲ್ಲಿ ದೊಡ್ಡ ಚರ್ಚೆ ಆಯಿತು. 2014ರಲ್ಲಿ ರಂಗರಾಜನ್ ಸಮಿತಿ ಅದೇ ಸಾಲಿಗೆ 972 ರೂಪಾಯಿ ಅಂತ ಹೇಳಿತು. ಮೊದಲಿನ ಗೆರೆಯ ಪ್ರಕಾರ ದೇಶದಲ್ಲಿ ಬಡವರು ಸುಮಾರು 27 ಕೋಟಿ. ಎರಡನೆಯ ಗೆರೆಯ ಪ್ರಕಾರ ಸುಮಾರು 36 ಕೋಟಿ.

ನೋಡಿ, ಗೆರೆ ಸ್ವಲ್ಪ ಮೇಲೆ ಸರಿಯಿತು. ಸುಮಾರು 9 ಕೋಟಿ ಜನ ಅದರ ಕೆಳಗೆ ಬಂದರು. ಅವರ ಬಟ್ಟಲಿನ ಗಂಜಿ ಹೆಚ್ಚಾಗಲಿಲ್ಲ, ಕಡಿಮೆಯೂ ಆಗಲಿಲ್ಲ. ಗೆರೆ ಮಾತ್ರ ಬದಲಾಯಿತು.

ರೇಷನ್ ಕಾರ್ಡು ಕೊಡುವುದಕ್ಕೆ ರಾಜ್ಯ ಸರಕಾರದ ಷರತ್ತುಗಳು ಬೇರೆ ಇರುತ್ತವೆ. ಆದರೆ ಮಾತು ಒಂದೇ. ‘ನೀವು ಲೈನಿನ ಮೇಲೆ ಬರ್ತೀರಿ, ನಿಮಗೆ ಇಲ್ಲ’ ಅಂತ ಯಾರಾದರೂ ಹೇಳಿದರೆ ಸುಮ್ಮನೆ ತಿರುಗಿ ಬರಬೇಡಿ. ‘ಯಾವ ಷರತ್ತಿನ ಮೇಲೆ ಇಲ್ಲ? ಬರೆದು ಕೊಡಿ’ ಅಂತ ಕೇಳಿ. ಬರೆದು ಕೊಟ್ಟರೆ ಓದಬಹುದು. ತಪ್ಪಿದ್ದರೆ ಮೇಲಿನವರಿಗೆ ಅರ್ಜಿ ಕೊಡಬಹುದು. ಬಾಯಿಮಾತಿನ ಮೇಲೆ ಅರ್ಜಿ ಕೊಡುವುದು ಹೇಗೆ?

ಮಣ್ಣಿನಡಿಯ ಲೈನು

ನಮ್ಮ ಪಕ್ಕದ ನೆರಿಯದಲ್ಲಿ ಪೆಟ್ರೋನೆಟ್ ಎಂ.ಎಚ್.ಬಿ. ಕಂಪೆನಿಯ ಪಂಪಿಂಗ್ ಸ್ಟೇಷನ್ ಉಂಟು. ಮಂಗಳೂರಿನಿಂದ ಹಾಸನದ ಮೇಲೆ ಬೆಂಗಳೂರಿನ ಕಡೆಗೆ ಪೆಟ್ರೋಲು, ಡೀಸೆಲ್ಲು ಮಣ್ಣಿನಡಿಯ ಕೊಳವೆಯಲ್ಲಿ ಹೋಗುತ್ತದೆ. ಸುಮಾರು 360 ಕಿಲೋಮೀಟರು ಉದ್ದ. 2003ರಲ್ಲಿ ಶುರುವಾಯಿತು. ಇದು ‘ಪೈಪ್ ಲೈನು’.

‘ನಿಮ್ಮ ಜಾಗದಲ್ಲಿ ಲೈನು ಹೋಗ್ತದೆ’ ಅಂತ ಹೇಳಿದಾಗ ಜನರಿಗೆ ಗಾಬರಿ ಆಗ್ತದೆ. ಜಾಗ ಹೋಯಿತಾ? ಸರಕಾರ ತೆಗೆದುಕೊಂಡಿತಾ? ಇಂಥ ಎಣ್ಣೆ, ಗ್ಯಾಸಿನ ಕೊಳವೆಗೆ 1962ರ ಒಂದು ಕಾಯ್ದೆ ಉಂಟು. ಅದರ ಪ್ರಕಾರ ಜಾಗದ ಒಡೆತನ ನಿಮ್ಮದೇ. ಕೊಳವೆ ಹಾಕಲು ಅದನ್ನು ಬಳಸುವ ಹಕ್ಕನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ಆದರೆ ಆ ಪಟ್ಟಿಯಲ್ಲಿ ನೀವು ಮತ್ತೆ ಕಟ್ಟಡ ಕಟ್ಟಬಾರದು, ಬಾವಿ ಕೆರೆ ತೋಡಬಾರದು, ಮರ ನೆಡಬಾರದು. ಆದ ನಷ್ಟಕ್ಕೆ ಪರಿಹಾರ ಕೊಡಬೇಕು. ಬಳಕೆಯ ಹಕ್ಕಿಗೆ ಜಾಗದ ಪೇಟೆ ಬೆಲೆಯ ನೂರಕ್ಕೆ 10ರಷ್ಟು ಹಣವನ್ನೂ ಕೊಡಬೇಕು. ಆಕ್ಷೇಪ ಇದ್ದರೆ ಪ್ರಕಟಣೆ ಸಿಕ್ಕಿದ 21 ದಿನದೊಳಗೆ ಬರೆದು ಕೊಡಬೇಕು.

‘ಲೈನು ಹೋಗ್ತದೆ’ ಎಂಬ ಮಾತಿನಲ್ಲಿ ಇದು ಯಾವುದೂ ಇಲ್ಲ. ಇದೆಲ್ಲ ಇರುವುದು ನೋಟೀಸಿನಲ್ಲಿ, ಅಕ್ಷರದಲ್ಲಿ. ನೋಟೀಸನ್ನು ದೇವರ ಫೋಟೋದ ಹಿಂದೆ ಸಿಕ್ಕಿಸಿ ಇಟ್ಟರೆ 21 ದಿನ ಕಾಯುವುದಿಲ್ಲ.

ಮಾತಾಡುವ ಲೈನು

ಮೊದಲು ಊರಿಗೆ ಒಂದೋ ಎರಡೋ ಫೋನು. ಮುಂಬಯಿಗೆ ಟ್ರಂಕ್ ಕಾಲ್ ಹಾಕಿ ‘ಲೈನು ಸಿಗಲಿಲ್ಲ’ ಅಂತ ಅರ್ಧ ದಿನ ಕಾಯುತ್ತಿದ್ದರು. ಈಗ ತಂತಿಯೇ ಇಲ್ಲದ ಫೋನು ಕೈಯಲ್ಲಿ ಉಂಟು. ಆದರೂ ‘ಲೈನ್ ಕಟ್ಟಾಯ್ತು’, ‘ಲೈನ್ ಬ್ಯುಸಿ’ ಅನ್ನುತ್ತೇವೆ. ತಂತಿ ಹೋಯಿತು, ಶಬ್ದ ಉಳಿಯಿತು.

‘ಹೆಲ್ಪ್‌ಲೈನ್’ ಒಳ್ಳೆಯ ಲೈನು. ಕನ್ನಡದಲ್ಲಿ ‘ಸಹಾಯವಾಣಿ’. ಈ ನಂಬ್ರಗಳನ್ನು ನಿಮ್ಮ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಡಿ. ತುರ್ತು ಸಹಾಯಕ್ಕೆ 112. ಹೆಂಗಸರ ಸಹಾಯಕ್ಕೆ 181. ಮಕ್ಕಳ ಸಹಾಯಕ್ಕೆ 1098. ಕರೆಂಟಿನ ದೂರಿಗೆ 1912. ಫೋನಿನಲ್ಲಿ, ಬ್ಯಾಂಕಿನಲ್ಲಿ ಮೋಸ ಆದರೆ 1930.

ಕೆಟ್ಟ ಲೈನೂ ಉಂಟು. ಯಾರೋ ಫೋನು ಮಾಡಿ, ‘ನಾವು ಪೊಲೀಸರು. ನಿಮ್ಮ ಮೇಲೆ ಕೇಸು ಉಂಟು. ಲೈನ್ ಕಟ್ ಮಾಡಬೇಡಿ, ಲೈನಿನಲ್ಲಿಯೇ ಇರಿ’ ಅಂತ ಹೆದರಿಸುತ್ತಾರೆ. ಮನೆಯವರ ಹತ್ತಿರವೂ ಮಾತಾಡಲು ಬಿಡುವುದಿಲ್ಲ. ಕೊನೆಗೆ ಹಣ ಹಾಕಿಸಿಕೊಳ್ಳುತ್ತಾರೆ. ಓದಿದವರೇ ಇದರಲ್ಲಿ ಲಕ್ಷ ಲಕ್ಷ ಕಳೆದುಕೊಂಡಿದ್ದಾರೆ. ಫೋನಿನಲ್ಲಿ ಅರೆಸ್ಟ್ ಮಾಡುವ ಕಾನೂನು ನಮ್ಮ ದೇಶದಲ್ಲಿ ಇಲ್ಲ. ಇಂಥ ಲೈನನ್ನು ಕೂಡಲೇ ಕಟ್ ಮಾಡಿ. ಅದು ಮರ್ಯಾದೆಗೇಡು ಅಲ್ಲ, ಅದೇ ಬುದ್ಧಿವಂತಿಕೆ.

ಲೈನಿನಲ್ಲಿ ನಿಂತು ಆನ್‌ಲೈನ್

‘ಆನ್‌ಲೈನ್ ಮಾಡಿಸಿದ್ದೀರಾ?’ ಪಂಚಾಯತಿಗೆ ಹೋದರೂ ಇದೇ, ಬ್ಯಾಂಕಿಗೆ ಹೋದರೂ ಇದೇ. ಆನ್‌ಲೈನ್ ಅಂದರೆ ಕಾಗದದ ಬದಲು ಕಂಪ್ಯೂಟರಿನಲ್ಲಿ ಅರ್ಜಿ ಬರೆದು ಕಳಿಸುವುದು. ಲೈನು ತಪ್ಪಿಸುವುದಕ್ಕೆ ಅಂತ ಆನ್‌ಲೈನ್ ಬಂತು. ಈಗ ಆನ್‌ಲೈನ್ ಮಾಡಿಸುವುದಕ್ಕೇ ಲೈನು ನಿಲ್ಲಬೇಕು! 2023ರಲ್ಲಿ ಗೃಹಲಕ್ಷ್ಮಿ ಯೋಜನೆಗೆ ಹೆಸರು ಕೊಡುವಾಗ ನಮ್ಮ ಅಕ್ಕಂದಿರು ಎಷ್ಟು ಹೊತ್ತು ನಿಂತಿದ್ದರು, ಅವರಿಗೇ ಗೊತ್ತು. ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಮಾತು ಕಂಠಪಾಠ ಆಗಿತ್ತು.

‘ಆನ್‌ಲೈನ್ ಆಯ್ತು’ ಅಂತ ಅಂಗಡಿಯವರು ಹೇಳಿದರೆ ಎದ್ದು ಬರಬೇಡಿ. ‘ಅರ್ಜಿ ಕಳಿಸಿ ಆಯ್ತು’ ಅಂತ ಅವರ ಅರ್ಥ. ‘ಹಣ ಮಂಜೂರಾಯ್ತು’ ಅಂತ ನಿಮ್ಮ ಅರ್ಥ. ಎರಡೂ ಬೇರೆ. ಅರ್ಜಿಯ ನಂಬ್ರ ಇರುವ ಚೀಟಿ ಕೇಳಿ ತೆಗೆದುಕೊಳ್ಳಿ. ಅದರಲ್ಲಿ ನಿಮ್ಮ ಹೆಸರು, ಗಂಡನ ಅಥವಾ ತಂದೆಯ ಹೆಸರು, ಬ್ಯಾಂಕಿನ ಖಾತೆ ನಂಬ್ರ ಸರಿ ಉಂಟಾ ಅಂತ ಅಲ್ಲಿಯೇ ಕುಳಿತು ಓದಿ. ಒಂದು ಅಂಕೆ ತಪ್ಪಿದರೆ ಹಣ ಬೇರೆ ಕಡೆ ಹೋಗಬಹುದು, ಇಲ್ಲವೇ ಬಾರದೇ ನಿಲ್ಲಬಹುದು.

ಜೀವದ ಲೈನು

ಈಗ ಕೊನೆಯ ಲೈನು. ಕರೆಂಟಿನ ಲೈನು. ಇದನ್ನು ಎಲ್ಲರೂ ಸ್ವಲ್ಪ ಗಮನ ಇಟ್ಟು ಕೇಳಬೇಕು.

ಲೈನ್‌ಮ್ಯಾನ್ ಅಂತ ನಾವು ಹೇಳುವವರಿಗೆ ಈಗ ಪವರ್‌ಮ್ಯಾನ್ ಎಂದು ಹೆಸರು. ಸರಕಾರದ ಕನ್ನಡದಲ್ಲಿ ‘ಮಾರ್ಗದಾಳು’. ನಮ್ಮ ಜಿಲ್ಲೆಯಲ್ಲಿ ಮಾರ್ಗ ಅಂದರೆ ರಸ್ತೆ. ಹಾಗಾಗಿ ಮಾರ್ಗದಾಳು ಅಂದರೆ ಡಾಮರು ಹಾಕುವವರು ಅಂತ ತಿಳಿದುಕೊಳ್ಳುವವರೂ ಇರಬಹುದು! ಇಲ್ಲಿ ಮಾರ್ಗ ಅಂದರೆ ವಿದ್ಯುತ್ ಮಾರ್ಗ, ಕರೆಂಟು ಹೋಗುವ ದಾರಿ.

ಈ ಕೆಲಸದವರ ಬಾಯಲ್ಲಿ ಒಂದು ಮಾತು ಉಂಟು. ‘ಲೈನ್ ಕ್ಲಿಯರ್’. ಇದು ನಮ್ಮ ಬಾಯಲ್ಲಿಯೂ ಉಂಟು. ‘ಹುಡುಗಿ ಮನೆಯವರು ಒಪ್ಪಿದರು, ಇನ್ನು ಲೈನ್ ಕ್ಲಿಯರ್’ ಅನ್ನುತ್ತೇವೆ. ಅಡ್ಡಿ ಇಲ್ಲ ಅಂತ ಅರ್ಥ.

ರೈಲಿನವರಲ್ಲಿಯೂ ಈ ಮಾತು ಉಂಟು. ನಮ್ಮ ಬೆಳ್ತಂಗಡಿ ತಾಲೂಕಿನಲ್ಲಿ ರೈಲು ದಾರಿ ಇಲ್ಲ. ಬಂಟ್ವಾಳಕ್ಕೋ ಪುತ್ತೂರಿಗೋ ಹೋಗಬೇಕು. ಒಂದೇ ಹಳಿ ಇರುವಲ್ಲಿ ಎರಡು ರೈಲು ಎದುರು ಬದುರು ಬಂದರೆ ಏನಾಗ್ತದೆ? ಅದಕ್ಕೆ ಈ ಸ್ಟೇಷನ್ ಮಾಸ್ಟರು ಮುಂದಿನ ಸ್ಟೇಷನ್ ಮಾಸ್ಟರನ್ನು ಕೇಳಿ ‘ಲೈನ್ ಕ್ಲಿಯರ್’ ಪಡೆಯುತ್ತಾರೆ. ಮುಂದಿನ ಸ್ಟೇಷನ್‌ವರೆಗೆ ಹಳಿ ಖಾಲಿ ಉಂಟು, ರೈಲು ಬಿಡಬಹುದು ಅಂತ ಅರ್ಥ. ಮೊದಲು ಅದಕ್ಕೆ ಗುರುತಾಗಿ ಡ್ರೈವರಿನ ಕೈಗೆ ಚೀಲದಲ್ಲಿ ಒಂದು ಕಬ್ಬಿಣದ ಗುಂಡು ಕೊಡುತ್ತಿದ್ದರು. ಇಲ್ಲವೇ ಬರೆದ ಚೀಟಿ ಕೊಡುತ್ತಿದ್ದರು. ಗುರುತು ಕೈಗೆ ಬಾರದೆ ರೈಲು ಹೊರಡುವಂತಿರಲಿಲ್ಲ. ‘ಹೋಗಿ, ಏನೂ ಇಲ್ಲ’ ಎಂಬ ಬಾಯಿಮಾತು ಸಾಲದು.

ಕರೆಂಟಿನಲ್ಲಿ ‘ಲೈನ್ ಕ್ಲಿಯರ್’ ಅಂದರೆ ಬೇರೆ. ಲೈನಿನಲ್ಲಿ ಕರೆಂಟು ತೆಗೆದಾಗಿದೆ, ಕಂಬ ಹತ್ತಬಹುದು ಅಂತ ಅರ್ಥ. ರೈಲಿನಲ್ಲಿ ಲೈನ್ ಕ್ಲಿಯರ್ ಆದರೆ ರೈಲು ಓಡುತ್ತದೆ. ಕರೆಂಟಿನಲ್ಲಿ ಲೈನ್ ಕ್ಲಿಯರ್ ಆದರೆ ಕರೆಂಟು ನಿಲ್ಲುತ್ತದೆ. ಮಾತು ಒಂದೇ, ಕೆಲಸ ತಿರುವು ಮುರುವು.

ಒಂದು ಲೈನಿನಲ್ಲಿ ಎರಡು ಕಡೆ ಇಬ್ಬರು ಕೆಲಸ ಮಾಡುತ್ತಿದ್ದಾರೆ ಅಂತ ಇಟ್ಟುಕೊಳ್ಳಿ. ಒಬ್ಬನ ಕೆಲಸ ಮುಗಿಯಿತು. ಅವನು ಫೋನಿನಲ್ಲಿ ‘ನನ್ನದು ಆಯ್ತು, ಲೈನ್ ಕ್ಲಿಯರ್’ ಅಂದ. ಕೇಳಿದವರು ಕರೆಂಟು ಬಿಟ್ಟರು. ಇನ್ನೊಬ್ಬ ಇನ್ನೂ ಕಂಬದ ಮೇಲೆ ಇದ್ದಾನೆ. ಅವನ ಗತಿ ಏನು? ಅದಕ್ಕೇ ನಿಯಮ ಉಂಟು. ಯಾವ ಲೈನು, ಯಾರಿಗೆ ಕೊಟ್ಟದ್ದು, ಎಷ್ಟು ಗಂಟೆಗೆ ಕೊಟ್ಟದ್ದು, ಎಲ್ಲವನ್ನೂ ಪುಸ್ತಕದಲ್ಲಿ ಬರೆಯಬೇಕು. ಪಡೆದವನೇ ಅದನ್ನು ಮರಳಿಸಬೇಕು. ಮತ್ತೆಯೇ ಕರೆಂಟು ಬಿಡಬೇಕು. ಒಬ್ಬ ಮನುಷ್ಯನ ಜೀವ ಆ ಪುಸ್ತಕದ ಒಂದು ಸಾಲಿನ ಮೇಲೆ ನಿಂತಿದೆ.

ಇನ್ನು ನಮ್ಮ ತೋಟಕ್ಕೆ ಬನ್ನಿ. ಅಡಿಕೆ ಕೊಯ್ಯಲು, ಮದ್ದು ಬಿಡಲು ಈಗ ಉದ್ದದ ದೋಟಿ ಬಂದಿದೆ. ಮರ ಹತ್ತುವವರು ಸಿಗುವುದಿಲ್ಲ, ದೋಟಿ ಒಳ್ಳೆಯದೇ. ಆದರೆ ಅಲ್ಯೂಮಿನಿಯಂ ದೋಟಿಯಲ್ಲಿ ಕರೆಂಟು ಹರಿಯುತ್ತದೆ. ಕಾರ್ಬನ್ ಫೈಬರಿನ ದೋಟಿಯಲ್ಲಿಯೂ ಹರಿಯುತ್ತದೆ. ಅದು ನೋಡುವುದಕ್ಕೆ ಪ್ಲಾಸ್ಟಿಕ್ಕಿನ ಹಾಗೆ ಕಾಣುತ್ತದೆ, ಆದರೆ ನಂಬಬಾರದು. ದೋಟಿ ಲೈನಿಗೆ ತಾಗಿ, ಏಣಿ ಲೈನಿಗೆ ತಾಗಿ ನಮ್ಮ ಜಿಲ್ಲೆಯಲ್ಲಿ ಎಷ್ಟೋ ಮನೆಯ ದೀಪ ಆರಿದೆ.

‘ಲೈನು ಇಲ್ಲ, ಕೊಯ್ಯಬಹುದು’ ಅಂತ ಹೇಳುತ್ತಾರೆ. ಇಲ್ಲಿಯೇ ಕೇಳಬೇಕು, ಯಾವ ಲೈನು ಇಲ್ಲ? ಮನೆಗೆ ಬರುವುದು 230 ವೋಲ್ಟು. ತೋಟದ ಮೇಲೆ ಹೋಗುವ ದೊಡ್ಡ ಲೈನು 11,000 ವೋಲ್ಟಿನದ್ದೂ ಇರಬಹುದು. ಟ್ರಾನ್ಸ್‌ಫಾರ್ಮರಿನ ಫ್ಯೂಸು ಹೋದರೆ ಮನೆಯ ಬಲ್ಬು ಉರಿಯುವುದಿಲ್ಲ. ಆದರೆ ದೊಡ್ಡ ಲೈನಿನಲ್ಲಿ ಕರೆಂಟು ಇದ್ದೇ ಇರುತ್ತದೆ. ಮನೆಯಲ್ಲಿ ಲೈನಿಲ್ಲ ಅಂತ ತೋಟದಲ್ಲಿ ದೋಟಿ ಎತ್ತಿದರೆ ಏನಾಗಬಹುದು, ನೀವೇ ಯೋಚಿಸಿ. ಹೋದ ಕರೆಂಟು ಯಾವ ಗಳಿಗೆಯಲ್ಲಿಯೂ ಮರಳಿ ಬರಬಹುದು.

ಹಾಗಾಗಿ ಲೈನಿನ ಹತ್ತಿರದ ಮರದ ಕೊಯ್ಲು ಇದ್ದರೆ ಮೊದಲೇ ಮೆಸ್ಕಾಂ ಕಚೇರಿಗೆ ಹೋಗಿ ಹೇಳಿ. ಯಾವ ಕಂಬದಿಂದ ಯಾವ ಕಂಬದವರೆಗೆ ಅಂತ ಹೇಳಿ. ಕಂಬಕ್ಕೆ ನಂಬ್ರ ಬರೆದಿದ್ದರೆ ಅದನ್ನು ಓದಿ ಹೇಳಿ. ನಿಮಗೆ ಈಗ ಓದಲು ಬರ್ತದೆ. ಅವರು ಬಂದು, ಲೈನು ತೆಗೆದು, ‘ಸರಿ’ ಅಂದ ಮೇಲೆಯೇ ದೋಟಿ ಎತ್ತಿ. ಕೆಲಸಕ್ಕೆ ಬಂದವರೂ ಮಾಲಕರನ್ನು ಕೇಳಬೇಕು. ಕೇಳಿದರೆ ಕೂಲಿ ಹೋಗುವುದಿಲ್ಲ.

ಮಳೆಗಾಲದ ಮಾತು ಒಂದು ಉಂಟು. 2019ರ ಆಗಸ್ಟಿನ ಮಳೆ ನೆನಪುಂಟಲ್ಲ. ಮೃತ್ಯುಂಜಯ ಹೊಳೆ ಉಕ್ಕಿತು. ಚಾರ್ಮಾಡಿ ಘಾಟಿ ಕುಸಿದು ರಸ್ತೆ ಬಂದ್ ಆಯಿತು. ಅಂಥ ಮಳೆಯಲ್ಲಿ ತಂತಿ ಕಡಿದು ಬೀಳುತ್ತದೆ. ಬಿದ್ದ ತಂತಿಯನ್ನು ಕೋಲಿನಲ್ಲಿಯೂ ಮುಟ್ಟಬೇಡಿ. ಹತ್ತಿರ ಹೋಗಬೇಡಿ, ಒದ್ದೆ ನೆಲದಲ್ಲಿಯೂ ಕರೆಂಟು ಇರಬಹುದು. ಮಕ್ಕಳನ್ನು, ದನಗಳನ್ನು ದೂರ ಇಡಿ. 1912ಕ್ಕೆ ಫೋನು ಮಾಡಿ.

ಮೂರು ಪ್ರಶ್ನೆ

ಅಕ್ಕಂದಿರೇ, ಅಣ್ಣಂದಿರೇ, ಇಂಗ್ಲಿಷ್ ಶಬ್ದ ಬೇಡ ಅಂತ ನಾನು ಹೇಳುವುದಿಲ್ಲ. ಬಂದ ಶಬ್ದವನ್ನು ಹೊರಗೆ ಹಾಕಲು ಆಗುವುದಿಲ್ಲ. ತಮಾಷೆ ಮಾಡಲು, ಬಸ್ಸಿನಲ್ಲಿ ಮಾತಾಡಲು ‘ಲೈನು’ ಸಾಕು. ಆದರೆ ಹಣ, ಜಾಗ, ಜೀವದ ವಿಷಯ ಬಂದಾಗ ಆ ಒಂದು ಶಬ್ದ ಸಾಲದು. ಆಗ ಮೂರು ಪ್ರಶ್ನೆ ಕೇಳಿ.

ಒಂದು: ಯಾವ ಲೈನು?

ಎರಡು: ಹೇಳಿದವರು ಯಾರು?

ಮೂರು: ಬರೆದದ್ದು ಉಂಟಾ?

ಕೇಳುವುದಕ್ಕೆ ನಾಚಿಕೆ ಬೇಡ. ‘ಇಷ್ಟೂ ಗೊತ್ತಿಲ್ವಾ?’ ಅಂತ ಯಾರಾದರೂ ಹೇಳಬಹುದು. ಹೇಳಲಿ. ರೈಲಿನ ಮಾಸ್ಟರಿಗೂ, ಕಂಬದ ಮೇಲಿನ ಪವರ್‌ಮ್ಯಾನಿಗೂ ಎಲ್ಲ ಗೊತ್ತುಂಟು. ಆದರೂ ಅವರು ಕೇಳುತ್ತಾರೆ, ಬರೆಯುತ್ತಾರೆ. ಗೊತ್ತಿರುವವರೇ ಬರೆಯುವಾಗ ನಮಗೆ ಎಂಥ ನಾಚಿಕೆ?

ಈಗ ಎಲ್ಲರೂ ಪುಸ್ತಕ ತೆಗೆಯಿರಿ. ‘ಲೈನು’ ಶಬ್ದ ಇರುವ ಮೂರು ಮಾತು ಬರೆಯಿರಿ. ಒಂದೊಂದರಲ್ಲಿ ಒಂದೊಂದು ಅರ್ಥ ಬರಬೇಕು. ಅದರ ಪಕ್ಕದಲ್ಲಿ ಆ ಲೈನಿಗೆ ನಮ್ಮ ಮಾತಿನಲ್ಲಿ ಏನು ಹೇಳಬಹುದು ಅಂತ ಬರೆಯಿರಿ. ಗೆರೆಯೋ, ಸಾಲೋ, ತಂತಿಯೋ, ಕಸುಬೋ, ನೋಡಿ. ತುಳುವಿನ ಶಬ್ದವನ್ನೂ ಬರೆಯಬಹುದು. ಅಕ್ಷರ ತಪ್ಪಿದರೆ ತಿದ್ದೋಣ.

ನಾಳೆ ಬರುವಾಗ ನಿಮ್ಮ ಮನೆಯ ಹತ್ತಿರದ ಕರೆಂಟು ಕಂಬ ನೋಡಿ ಬನ್ನಿ. ದೂರದಿಂದಲೇ ನೋಡಿ, ಮುಟ್ಟಬೇಡಿ. ಅದರಲ್ಲಿ ಏನು ಬರೆದಿದೆ ಅಂತ ಓದಿ ಬಂದು ಹೇಳಿ.